ಗಂಗಾಧರಸ್ವಾಮಿಯ ಮೊದಲ ಪೆಗ್ಗು

ಗಂಗಾಧರಸ್ವಾಮಿ ತನ್ನ ನಲವತ್ತಾರು ವರ್ಷದಲ್ಲಿ ಆಡಿದ ದೊಡ್ಡ ಸುಳ್ಳು ಒಂದೇ. ಅದನ್ನೂ ಬೇಕೆಂದು ಆಡಿದ್ದಲ್ಲ. ಕ್ಯಾಂಟೀನಿನಲ್ಲಿ ಉಪ್ಪಿಟ್ಟು ತಿನ್ನುತ್ತಾ ಕೂತಿದ್ದಾಗ ಬಾಯಿಂದ ಜಾರಿಬಿಟ್ಟಿತು.

ನಂಜನಗೂಡಿನ ಹತ್ತಿರ ತಾಂಡ್ಯದ ಒಂದು ನೂಲಿನ ಕಾರ್ಖಾನೆಯಲ್ಲಿ ಅವನು ಸ್ಟೋರ್ ಕೀಪರ್. ಬೀಗ ಹಾಕಿ, ಎಳೆದು ನೋಡಿ, ಹತ್ತು ಹೆಜ್ಜೆ ಹೋಗಿ, ವಾಪಸು ಬಂದು ಇನ್ನೊಮ್ಮೆ ಎಳೆದು ನೋಡುವ ಪೈಕಿ. ಮನೆಯಲ್ಲಿ ಗ್ಯಾಸ್ ಆರಿಸಿ, ಆರಿದೆಯೇ ಎಂದು ನೋಡಿ, ತಾನು ನೋಡಿದ್ದು ನಿಜವೇ ಎಂದು ಹೆಂಡತಿ ಬಿಂದುಶ್ರೀಯನ್ನು ಕೇಳುವ ಮನುಷ್ಯ. ಇಂಥವನನ್ನು ಅವತ್ತು ಮಗ್ಗದ ಸೆಕ್ಷನ್ನಿನ ಶಿವರಾಜು ಕೆಣಕಿದ.

"ನಮ್ ಸ್ವಾಮಿಗಳು ಬಿಡ್ರೋ, ಬಾಟ್ಲಿ ಮುಚ್ಚಳ ಕಂಡ್ರೂ ತಲೆ ಮೇಲೆ ನೀರು ಉಯ್ಕೊಳೋರು."

ಎಲ್ಲರೂ ನಕ್ಕರು. ಉಪ್ಪಿಟ್ಟು ಬಡಿಸುವ ಹೆಂಗಸು ಸೌಟು ಹಿಡಿದುಕೊಂಡೇ ನಕ್ಕಳು. ಗಂಗಾಧರಸ್ವಾಮಿಗೆ ಉಳಿದವರ ನಗೆಗಿಂತ ಆ ಸೌಟಿನ ನಗೆ ಜಾಸ್ತಿ ಚುಚ್ಚಿತು.

"ಲೋ ಶಿವರಾಜು," ಎಂದ ಅವನು, ತಟ್ಟೆ ಪಕ್ಕಕ್ಕೆ ಸರಿಸಿ. "ಮೈಸೂರಲ್ಲಿ ಓದ್ತಾ ಇದ್ದಾಗ ನಾನು ಕುಡಿದಿರೋವಷ್ಟು ನೀವು ಇನ್ನೂ ನೀರೂ ಕುಡಿದಿಲ್ಲ. ಬಿಟ್ಟಿದ್ದೀನಿ, ಅಷ್ಟೇ."

ಕಿರಣ್ ಎದ್ದು ಬಂದು ಅವನ ಕೈ ಕುಲುಕಿದ. ಆ ವಾರವಷ್ಟೇ ಶಿಫ್ಟ್ ಸೂಪರ್‌ವೈಸರ್ ಆಗಿ ಬಡ್ತಿ ಪಡೆದ ಹುಡುಗ. ಮುಂದಿನ ತಿಂಗಳು ಮದುವೆ ಬೇರೆ. "ಹಂಗಾದ್ರೆ ಶನಿವಾರ ಸಾಯಂಕಾಲ ನೀವು ಬರಲೇಬೇಕು ಸ್ವಾಮಿಗಳೇ. ನನ್ನ ಪ್ರಮೋಷನ್ ಪಾರ್ಟಿ, ನರಸೀಪುರದಲ್ಲಿ."

ನಂಜನಗೂಡಿನವನ ಪಾರ್ಟಿ ನರಸೀಪುರದಲ್ಲೇಕೆ ಎಂದು ಹೊರಗಿನವರು ಕೇಳಬಹುದು. ಈ ಕಡೆ ಮರ್ಯಾದಸ್ಥರ ಪದ್ಧತಿ ಅದು. ನಂಜನಗೂಡಿನಲ್ಲಿ ಕೂತು ಕುಡಿದರೆ ಪಕ್ಕದ ಟೇಬಲ್ಲಿನಲ್ಲಿ ಷಡ್ಡಕನ ತಮ್ಮನಿರುತ್ತಾನೆ. ಆದ್ದರಿಂದ ನಂಜನಗೂಡಿನವರು ಟಿ. ನರಸೀಪುರಕ್ಕೆ ಹೋಗುತ್ತಾರೆ. ನರಸೀಪುರದವರು ಅದೇ ಕಾರಣಕ್ಕೆ ನಂಜನಗೂಡಿಗೆ ಬರುತ್ತಾರೆ. ಶನಿವಾರ ಸಂಜೆ ಎರಡು ಕಡೆಯ ವಾಹನಗಳೂ ನಡುದಾರಿಯಲ್ಲಿ ಎದುರುಬದರಾಗುತ್ತವೆ; ಯಾರೂ ಯಾರಿಗೂ ಹಾರ್ನ್ ಮಾಡುವುದಿಲ್ಲ.

ಗಂಗಾಧರಸ್ವಾಮಿಗೆ ಅವತ್ತಿನಿಂದ ನಿದ್ದೆ ಹೋಯಿತು. ಅವನ ಮನೆತನದಲ್ಲಿ ಮಠದ ತೀರ್ಥ ಬಿಟ್ಟರೆ ಬೇರೆ ಏನನ್ನೂ ಅಂಗೈಯಲ್ಲಿ ಹಿಡಿದವರಿಲ್ಲ. ಮಾವ ಚಿಕ್ಕಬಸಪ್ಪನವರಂತೂ ಕಳಲೆಯಲ್ಲಿ ಬೆಳಗ್ಗೆ ವಿಭೂತಿ ಧರಿಸದೆ ಹಸುವಿನ ಮುಖವನ್ನೂ ನೋಡದವರು. ಹೋಗದೆ ಇದ್ದರೆ ಕ್ಯಾಂಟೀನಿನ ಸೌಟು ನಗುತ್ತದೆ. ಹೋದರೆ ಏನಾಗುತ್ತದೋ ಗೊತ್ತಿಲ್ಲ. ಅವನು ಸ್ಟೋರಿನ ಮೂಲೆಯಲ್ಲಿ ಕೂತು ಫೋನಿನಲ್ಲಿ ಹುಡುಕಿದ: ಕುಡಿಯಲು ಹೋಗುವವರು ಜೋಪಾನವಾಗಿರುವುದು ಹೇಗೆ?

ಫೋನು ಧಾರಾಳವಾಗಿ ಹೇಳಿತು. ಖಾಲಿ ಹೊಟ್ಟೆಯಲ್ಲಿ ಕುಡಿಯಬೇಡಿ. ನಡುನಡುವೆ ನೀರು ಕುಡಿಯಿರಿ. ಗ್ಲಾಸನ್ನು ಬಿಟ್ಟು ಎಲ್ಲಿಗೂ ಹೋಗಬೇಡಿ, ಯಾರಾದರೂ ಏನಾದರೂ ಬೆರೆಸಬಹುದು. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ನಂಬಿಕಸ್ಥರೊಬ್ಬರಿಗೆ ತಿಳಿಸಿ. ವಾಪಸು ಬರುವ ವಾಹನವನ್ನು ಮೊದಲೇ ಗೊತ್ತುಮಾಡಿ, ಕುಡಿದವರ ಕೈಗೆ ಕೀ ಕೊಡಬೇಡಿ. ಯಾರಾದರೂ ಎಚ್ಚರ ತಪ್ಪಿದರೆ ಮಗ್ಗುಲಾಗಿ ಮಲಗಿಸಿ, ಒಂಟಿಯಾಗಿ ಬಿಡಬೇಡಿ. ಇಷ್ಟನ್ನೂ ಅವನು ಗೇಟ್‌ಪಾಸ್ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡು, ಪರೀಕ್ಷೆಗೆ ಕೂರುವವನ ಹಾಗೆ ನಾಲ್ಕು ದಿನ ಬಾಯಿಪಾಠ ಮಾಡಿದ.

ಶನಿವಾರ ಐದು ಗಂಟೆಗೆ ಮನೆಯಲ್ಲಿ ಮೂರು ಮುದ್ದೆ, ಅವರೆಕಾಳಿನ ಸಾರು ಉಂಡ. ಬಿಂದುಶ್ರೀ ನಾಲ್ಕನೆಯ ಮುದ್ದೆಗೆ ಕೈ ಹಾಕಿದವನನ್ನು ದುರುಗುಟ್ಟಿ ನೋಡಿದಳು.

"ಪಾರ್ಟಿಗೆ ಹೋಗೋರು ಮನೇಲಿ ಹಿಂಗೆ ಉಂಡು ಹೋಗ್ತಾರಾ?"

"ಅಲ್ಲಿ ಊಟ ಹೆಂಗಿರುತ್ತೋ ಏನೋ."

"ಹೆಂಗಿದ್ರೂ ಜಾಗ ಎಲ್ಲಿದೆ ಹಾಕಿಕೊಳ್ಳೋಕೆ?"

ಗ್ಲಾಸಿನ ಸಮಸ್ಯೆಗೆ ಅವನೇ ದಾರಿ ಕಂಡುಕೊಂಡ. ಅಟ್ಟದ ಮೇಲಿನ ಡಬ್ಬದಲ್ಲಿ ಬಿಗಿ ಮುಚ್ಚಳವಿದ್ದ ಒಂದು ಸ್ಟೀಲ್ ಲೋಟವಿತ್ತು. ಮುಚ್ಚಿದರೆ ಇರುವೆಯೂ ನುಗ್ಗುವಂತಿರಲಿಲ್ಲ. ಅವಸರದಲ್ಲಿ ಅದನ್ನು ಒರೆಸಿ ಚೀಲಕ್ಕೆ ಹಾಕಿಕೊಂಡ.

ಇನ್ನು ನಂಬಿಕಸ್ಥರು. ಹೆಂಡತಿಗೆ ಹೇಳುವಂತಿಲ್ಲ. ಎದುರು ಮನೆಯ ದೊಡ್ಡಸಿದ್ದಯ್ಯ ಇದ್ದರು, ನಿವೃತ್ತ ಹೆಡ್ ಕಾನ್‌ಸ್ಟೆಬಲ್. ನಿವೃತ್ತರಾಗಿ ಎಂಟು ವರ್ಷವಾದರೂ ಯಾವ ಕೇಸೂ ಸಿಗದೆ ಬೀದಿಯ ನಾಯಿಗಳ ಓಡಾಟವನ್ನೇ ಗಮನಿಸುತ್ತಾ ಬದುಕಿದ್ದರು. ಗಂಗಾಧರಸ್ವಾಮಿ ಕಾಂಪೌಂಡಿನ ಹತ್ತಿರ ನಿಂತು ಪಿಸುಗುಟ್ಟಿದ.

"ಎಂಟು ಗಂಟೆಗೆ ಒಂದ್ಸಲ ಫೋನ್ ಮಾಡ್ತೀನಿ. ಏನಾದ್ರೂ ಹೆಚ್ಚುಕಮ್ಮಿ ಅನ್ನಿಸಿದ್ರೆ ನೀವು ನೋಡ್ಕೋಬೇಕು. ಯಾರಿಗೂ ಹೇಳಬಾರದು."

ದೊಡ್ಡಸಿದ್ದಯ್ಯನವರ ಕಣ್ಣಿಗೆ ಎಂಟು ವರ್ಷದ ಹಿಂದಿನ ಹೊಳಪು ಬಂತು. ಒಳಗೆ ಹೋಗಿ ಡೈರಿ ತಂದರು. "ಜಾಗ ಯಾವ್ದು? ಜೊತೇಲಿ ಎಷ್ಟು ಜನ? ಹಾಕಿರೋ ಬಟ್ಟೆ, ತಿಳಿ ನೀಲಿ ಅಂಗಿ, ಬರ್ಕೊಂಡೆ. ಮೈಮೇಲೆ ಗುರುತು ಏನಾದ್ರೂ ಐತಾ?"

"ಗುರುತು ಯಾಕೆ ಸಾ?"

"ಬೇಕಾಯ್ತದೆ ಕಣಯ್ಯ, ಒಂದೊಂದ್ಸಲ."

ಗಂಗಾಧರಸ್ವಾಮಿ ಎಡ ಭುಜದಲ್ಲಿ ಮಚ್ಚೆ ಎಂದು ಬರೆಸಿ, ಕಿರಣನ ಕಾರು ಹತ್ತಿದ.

ಜೋಡಿತೆಂಗು ಫ್ಯಾಮಿಲಿ ರೆಸ್ಟೋರೆಂಟು ನರಸೀಪುರ ಇನ್ನೂ ಒಂದೆರಡು ಮೈಲಿ ಇರುವಾಗಲೇ ಸಿಗುತ್ತದೆ. ಫ್ಯಾಮಿಲಿ ಎಂಬುದು ಬೋರ್ಡಿನಲ್ಲಿ ಮಾತ್ರ. ಹಿಂಬದಿಯ ತೋಟದಲ್ಲಿ ತಡಿಕೆ ಕಟ್ಟಿ ಟೇಬಲ್ಲು ಹಾಕಿದ್ದರು. ಇವರು ನಾಲ್ಕು ಜನ: ಕಿರಣ್, ಶಿವರಾಜು, ಗಂಗಾಧರಸ್ವಾಮಿ ಮತ್ತು ಆರು ತಿಂಗಳ ಹಿಂದೆ ಟ್ರೈನಿಯಾಗಿ ಸೇರಿದ್ದ ಮದನ್. ಬದನವಾಳಿನ ಹುಡುಗ, ಇಪ್ಪತ್ತಮೂರು ವಯಸ್ಸು, ತೆಳ್ಳಗೆ ಕಡ್ಡಿ ಹಾಗಿದ್ದ. ಬೆಳಗಿನ ಶಿಫ್ಟು ಮುಗಿಸಿ, ಓವರ್‌ಟೈಮೂ ಮಾಡಿ ಸೀದಾ ಕಾರು ಹತ್ತಿದ್ದ.

"ಮೊದಲು ಕಾರಿನ ಕೀ ನನಗೆ ಕೊಡಿ," ಎಂದ ಗಂಗಾಧರಸ್ವಾಮಿ, ಕೂರುವ ಮೊದಲೇ.

"ನಿಮಗೆ ಡ್ರೈವಿಂಗ್ ಬರಲ್ವಲ್ಲ ಸ್ವಾಮಿಗಳೇ?" ಎಂದ ಕಿರಣ್.

"ಅದಕ್ಕೇ ನನ್ನ ಹತ್ರ ಇರ್ಬೇಕು. ವಾಪಸ್ ಹೋಗೋಕೆ ಬಾಡಿಗೆ ಕಾರು ಹೇಳಿದ್ದೀನಿ, ಹತ್ತು ಗಂಟೆಗೆ ಬರುತ್ತೆ."

"ಅನುಭವಸ್ಥರು ಅಂದ್ರೆ ಇದು ಕಣ್ರೋ!" ಎಂದು ಶಿವರಾಜು ಟೇಬಲ್ಲು ಗುದ್ದಿದ. ಗಂಗಾಧರಸ್ವಾಮಿಗೆ ಒಳಗೊಳಗೇ ಹಿಗ್ಗಾಯಿತು. ಚೀಲದಿಂದ ಮುಚ್ಚಳದ ಲೋಟ ತೆಗೆದಾಗಲಂತೂ ಅವರ ಗೌರವ ಭಕ್ತಿಗೆ ತಿರುಗಿತು. ಸ್ವಂತ ಲೋಟ ಇಟ್ಟುಕೊಂಡವನು ಸಾಮಾನ್ಯ ಕುಡುಕನಲ್ಲ ಎಂದು ಮಾಣಿಯೂ ಒಂದು ಹೆಜ್ಜೆ ಹಿಂದೆ ಸರಿದು ಸುರಿದ.

ಆ ಲೋಟದಲ್ಲಿದ್ದ ಮೊದಲ ಪೆಗ್ಗನ್ನು ಗಂಗಾಧರಸ್ವಾಮಿ ಪ್ರಾಮಾಣಿಕವಾಗಿ ಕುಡಿಯಬೇಕೆಂದೇ ಇದ್ದ. ಆದರೆ ಮೊದಲು ನೀರು ಕುಡಿಯಬೇಕಲ್ಲ. ಒಂದು ಗ್ಲಾಸು ಕುಡಿದ. ಭಯಕ್ಕೆ ಇನ್ನೊಂದು. ಒಂದು ತುತ್ತು ತಿನ್ನಬೇಕು ಎಂದು ಕಡಲೆಬೀಜ ತಿಂದ. ಅದಕ್ಕೆ ಖಾರ ಜಾಸ್ತಿಯಾಗಿ ಮತ್ತೆರಡು ಗ್ಲಾಸು ನೀರು. ಅಷ್ಟು ಹೊತ್ತಿಗೆ ಬಚ್ಚಲಿಗೆ ಓಡಬೇಕಾಯಿತು. ಗ್ಲಾಸನ್ನು ಬಿಟ್ಟು ಹೋಗುವಂತಿಲ್ಲ. ಮುಚ್ಚಳ ಒತ್ತಿ, ಲೋಟವನ್ನು ಎದೆಗವಚಿಕೊಂಡು ತೋಟದ ತುದಿಗೆ ಹೋಗಿ ಬಂದ. ಬಂದು ಕೂತು, ಲೋಟ ತೆರೆದು, ಮೂಸಿ, ಇನ್ನೊಂದು ಗ್ಲಾಸು ನೀರು ಕುಡಿದ. ಮತ್ತೆ ಬಚ್ಚಲು.

"ನಾಲ್ಕನೇ ಸಲ ಕಣ್ಲಾ," ಎಂದು ಶಿವರಾಜು ಲೆಕ್ಕ ಇಡತೊಡಗಿದ. "ಬಚ್ಚಲಲ್ಲೂ ಕುಡೀತಾರೆ ಕಣ್ಲಾ ನಮ್ ಸ್ವಾಮಿಗಳು. ಎದ್ದು ನಿಂತ್ರೆ ಒಂಚೂರೂ ಅಳ್ಳಾಡಲ್ಲ ನೋಡು, ಕಂಬ!"

ಎಂಟು ಗಂಟೆಗೆ ಆ ಕಂಬ ಬಚ್ಚಲ ಗೋಡೆಗೊರಗಿ ದೊಡ್ಡಸಿದ್ದಯ್ಯನವರಿಗೆ ಫೋನು ಮಾಡಿತು. ಪಕ್ಕದಲ್ಲಿ ಜನರೇಟರು ಗುಡುಗುತ್ತಿತ್ತು. ಸಿಗ್ನಲ್ಲು ಒಂದು ಗೀಟು ಇತ್ತು, ಅದೂ ಹೋಗಿ ಬಂದು ಮಾಡುತ್ತಿತ್ತು.

"ಹಲೋ! ಎಲ್ಲಾ ಸರಿಯಾಗಿದೆ ಸಾ! ಗ್ಲಾಸು ಮಾತ್ರ ನಾನು ಬಿಡ್ತಾ ಇಲ್ಲ! ಬಚ್ಚಲಲ್ಲೂ ನಾನು ಬಿಡ್ತಾ ಇಲ್ಲ!"

ಲೈನು ಕಡಿಯಿತು. ನಿಯಮ ಪಾಲಿಸಿದ ತೃಪ್ತಿಯಿಂದ ಗಂಗಾಧರಸ್ವಾಮಿ ಟೇಬಲ್ಲಿಗೆ ಮರಳಿದ.

ನಂಜನಗೂಡಿನಲ್ಲಿ ಏನಾಯಿತೆಂದು ಅವನಿಗೆ ತಿಳಿದದ್ದು ಆಮೇಲೆ. ಜನರೇಟರು ಅರ್ಧ ಮಾತು ನುಂಗಿತ್ತು. ದೊಡ್ಡಸಿದ್ದಯ್ಯನವರ ಕಿವಿಗೆ ಬಿದ್ದದ್ದು ಇಷ್ಟು: "ಬಚ್ಚಲಲ್ಲಿ... ನನ್ನ ಬಿಡ್ತಾ ಇಲ್ಲ." ಅವರು ಡೈರಿಯಲ್ಲಿ ಗಂಟೆ ಬರೆದು, ಅಡ್ಡಗೆರೆ ಎಳೆದು, ಕೆಳಗೆ ಒಂದೇ ಪದ ಬರೆದರು: ಅಪಹರಣ. ಗೋಡೆಗೆ ನೇತುಹಾಕಿದ್ದ ಹಳೆಯ ಲಾಠಿ ತೆಗೆದುಕೊಂಡು ಎದುರು ಮನೆಗೆ ಬಂದು ನಿಂತರು. ಅಂದು ಮಗಳನ್ನು ನೋಡಲೆಂದು ಕಳಲೆಯಿಂದ ಬಂದಿದ್ದ ಚಿಕ್ಕಬಸಪ್ಪನವರು ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು.

"ಗಾಬರಿ ಮಾಡ್ಕೋಬೇಡಿ. ನಿಮ್ ಅಳಿಯನ್ನ ನರಸೀಪುರದಲ್ಲಿ ಬಚ್ಚಲಲ್ಲಿ ಕೂಡಾಕವ್ರೆ."

ಮಜ್ಜಿಗೆ ಚೆಲ್ಲಿತು. ಬಿಂದುಶ್ರೀ ಫೋನು ಮಾಡಿದರೆ "ಸಂಪರ್ಕ ವ್ಯಾಪ್ತಿಯ ಹೊರಗಿದ್ದಾರೆ" ಎಂಬ ಉತ್ತರ. ಆ ಹೆಣ್ಣುದನಿ ಎಷ್ಟು ವಿನಯದಿಂದ ಹೇಳಿತೋ ಅಷ್ಟು ಅವಳಿಗೆ ದಿಗಿಲಾಯಿತು. ಬೀದಿ ತುದಿಯಲ್ಲಿ ಬಾಳೆಗೊನೆ ಇಳಿಸುತ್ತಿದ್ದ ಗೂಡ್ಸ್ ಆಟೋ ಒಂದನ್ನು ದೊಡ್ಡಸಿದ್ದಯ್ಯ ಲಾಠಿ ಅಡ್ಡ ಹಿಡಿದು ನಿಲ್ಲಿಸಿದರು. ಮೂವರೂ ಹತ್ತಿದರು.

ಇತ್ತ ತೋಟದಲ್ಲಿ ಶಿವರಾಜು ಪಂದ್ಯ ಕಟ್ಟಿದ್ದ. ಮದನ್ ಒಂದೇ ಗುಕ್ಕಿಗೆ ಗ್ಲಾಸು ಖಾಲಿ ಮಾಡಬೇಕು. ಮಾಡಿದ. ಚಪ್ಪಾಳೆ. ಎರಡನೆಯದನ್ನೂ ಮಾಡಿದ. ಹುಡುಗನ ಮುಂದಿದ್ದ ತಟ್ಟೆಯಲ್ಲಿ ಒಂದು ತುಂಡೂ ಮುಟ್ಟಿರಲಿಲ್ಲ. ಅದನ್ನು ಗಂಗಾಧರಸ್ವಾಮಿ ಮೊದಲಿನಿಂದಲೂ ನೋಡುತ್ತಿದ್ದ. ಮೂರನೆಯದು ಸುರಿಯುವಾಗ ಅವನ ಬಾಯಿ ತೆರೆಯಿತು.

"ಏನಾದ್ರೂ ತಿನ್ನೋ ಮೊದಲು..."

"ಅಯ್ಯೋ ಸ್ವಾಮಿಗಳೇ," ಎಂದ ಕಿರಣ್, "ನಿಮ್ಮ ಕಾಲದಲ್ಲಿ ಇದೆಲ್ಲ ಒಂದು ಲೆಕ್ಕವಾ? ಅನುಭವ ಇರೋರು ನೀವೇ ಹೇಳಿ, ಮೂರಕ್ಕೆ ಏನಾಗುತ್ತೆ?"

ಮೂವರೂ ಅವನ ಮುಖ ನೋಡಿದರು. ಮದನ್ ಕೂಡ ಗ್ಲಾಸು ಎತ್ತಿ ಹಿಡಿದುಕೊಂಡು ಅವನ ಅಪ್ಪಣೆಗೇ ಕಾದಂತೆ ನೋಡಿದ.

"ಏನೂ ಆಗಲ್ಲ," ಎಂದ ಗಂಗಾಧರಸ್ವಾಮಿ.

ಮೂರು ಹೋಯಿತು. ನಾಲ್ಕೂ ಹೋಯಿತು. ಅರ್ಧ ಗಂಟೆಯಲ್ಲಿ ಮದನ್ ಮಾತು ತೊದಲಿ, ನಕ್ಕು, ಯಾವುದೋ ಹುಡುಗಿಯ ಹೆಸರು ಹೇಳಿ, ಕುರ್ಚಿಯಿಂದ ಮೆಲ್ಲಗೆ ಜಾರಿ ನೆಲಕ್ಕೆ ಬಂದ.

"ಮಲಗ್ಲಿ ಬಿಡಿ," ಎಂದ ಶಿವರಾಜು. "ಎದ್ದಾಗ ಎದ್ದ."

ಗಂಗಾಧರಸ್ವಾಮಿಗೆ ಕೂರಲಾಗಲಿಲ್ಲ. ಬಗ್ಗಿ "ಮದನ್, ಮದನ್" ಎಂದು ಕೂಗಿದ. ಭುಜ ಅಲ್ಲಾಡಿಸಿದ. ಕಿವಿ ಹಿಂಡಿದ. ಹುಡುಗ ಕಣ್ಣ ರೆಪ್ಪೆಯನ್ನೂ ಅಲುಗಿಸಲಿಲ್ಲ. ಕೈ ಮುಟ್ಟಿದರೆ ತಣ್ಣಗೆ, ಮಳೆಯಲ್ಲಿ ನೆಂದವನ ಹಾಗೆ. ಉಸಿರು ಬಂತು. ಆಮೇಲೆ ಬರಲಿಲ್ಲ. ಗಂಗಾಧರಸ್ವಾಮಿ ಎಣಿಸಿದ: ಆರು, ಏಳು, ಎಂಟು. ಮತ್ತೆ ಬಂತು.

"ನಿಂಬೆಹುಳಿ ತರ್ಸಿ," ಎಂದ ಶಿವರಾಜು. "ಬಾಯಿಗೆ ಇಂಡಿದ್ರೆ ಇಳೀತದೆ."

"ಸ್ಟ್ರಾಂಗ್ ಕಾಫಿ ಕುಡಿಸೋಣ," ಎಂದ ಕಿರಣ್.

"ತಲೆ ಮೇಲೆ ಒಂದು ಬಕೆಟ್ ನೀರು ಉಯ್ದು, ಬೆರಳು ಹಾಕಿ ವಾಂತಿ ಮಾಡ್ಸಿ ಸಾ," ಎಂದ ಮಾಣಿ. ಅವನಿಗೆ ಇದು ವಾರದ ವಾಡಿಕೆ.

"ಯಾರೂ ಮುಟ್ಟಬೇಡ್ರಿ!"

ಆ ದನಿ ಎಲ್ಲಿಂದ ಬಂತೆಂದು ಗಂಗಾಧರಸ್ವಾಮಿಯೇ ಹಿಂತಿರುಗಿ ನೋಡಿದ. ತನ್ನದೇ. ಹದಿನೆಂಟು ವರ್ಷದಲ್ಲಿ ಸ್ಟೋರಿನಲ್ಲಿ ಬೆಕ್ಕಿಗೂ ಅವನು ಹಾಗೆ ಗದರಿದವನಲ್ಲ.

"ಎಚ್ಚರ ಇಲ್ಲದೋನ ಬಾಯಿಗೆ ಏನೂ ಹಾಕಬಾರದು. ಉಸಿರಿಗೆ ಹೋಗುತ್ತೆ, ಸತ್ತೋಗ್ತಾನೆ!" ನೆಲದ ಮೇಲೆ ಮಂಡಿಯೂರಿ, ಹುಡುಗನನ್ನು ಮಗ್ಗುಲಿಗೆ ಹೊರಳಿಸಿ, ಮಂಡಿ ಮಡಿಸಿ, ಮುಖ ಕೊಂಚ ಕೆಳಗಾಗುವ ಹಾಗೆ ಕೈಯನ್ನು ಕೆನ್ನೆಗೆ ಕೊಟ್ಟ. ಹೊದಿಸಲು ತನ್ನ ಅಂಗಿ ಬಿಟ್ಟು ಬೇರೇನೂ ಇರಲಿಲ್ಲ; ಅದನ್ನೇ ಬಿಚ್ಚಿ ಹುಡುಗನಿಗೆ ಹೊದಿಸಿದ. ಬನೀನಿನಲ್ಲಿ ತೋಟದ ಬೇಲಿಯವರೆಗೆ ಓಡಿ, ಸಿಗ್ನಲ್ಲು ಹಿಡಿದು, ಒಂದು ಸೊನ್ನೆ ಎಂಟು ಒತ್ತಿದ. ಆಂಬ್ಯುಲೆನ್ಸು ಹೊರಟಿದೆ, ಇಪ್ಪತ್ತು ನಿಮಿಷ, ಮಗ್ಗುಲಾಗೇ ಇರಲಿ ಎಂದರು.

"ಇಪ್ಪತ್ತು ನಿಮಿಷ ಯಾಕೆ ಕಾಯೋದು? ಕೀ ಕೊಡಿ, ನಾನು ಓಡಿಸ್ತೀನಿ," ಎಂದ ಕಿರಣ್. ಹಾಗೆನ್ನುವಾಗ ಅವನು ನೋಡುತ್ತಿದ್ದದ್ದು ಗಂಗಾಧರಸ್ವಾಮಿಯನ್ನಲ್ಲ, ಪಕ್ಕದ ತೆಂಗಿನಮರವನ್ನು.

"ಕೊಡಲ್ಲ."

"ಹುಡುಗ ಸಾಯ್ತಾ ಇದ್ದಾನೆ, ಕೊಡ್ರೀ!"

"ಅವನೊಬ್ಬನೇ ಸಾಯೋ ಹಾಗಿದಾನೆ. ನೀನು ಓಡಿಸಿದ್ರೆ ನಾಲ್ಕೂ ಜನ."

ಕಿರಣ್ ಅವನ ಮೇಲೆ ಬಿದ್ದ. ಗಂಗಾಧರಸ್ವಾಮಿ ಕೀಯನ್ನು ಅಡಗಿಸಲು ಜಾಗ ಕಾಣದೆ, ಎದುರಿಗಿದ್ದ ತನ್ನ ಲೋಟದ ಮುಚ್ಚಳ ಕಿತ್ತು, ಒಳಗೆ ಎಸೆದು, ಮುಚ್ಚಿ, ಎದೆಗವಚಿಕೊಂಡು ಟೇಬಲ್ಲಿನ ಸುತ್ತ ಓಡಿದ. ಹಿಂದೆ ಕಿರಣ್. ಅವನ ಹಿಂದೆ, ಯಾರ ಪಕ್ಷವೆಂದು ತೀರ್ಮಾನಿಸದ ಶಿವರಾಜು. ಉಳಿದ ಟೇಬಲ್ಲಿನವರು ಇದನ್ನು ನೋಡಿ, ಕೊನೆಯ ಪೆಗ್ಗಿಗಾಗಿ ಹೊಡೆದಾಟ ಎಂದು ತಮ್ಮ ತಮ್ಮ ಗ್ಲಾಸು ಹತ್ತಿರ ಎಳೆದುಕೊಂಡರು.

ಸರಿಯಾಗಿ ಆಗ ತೋಟದ ಬಾಗಿಲಲ್ಲಿ ಬೆಳಕು ಬಿತ್ತು. ಗೂಡ್ಸ್ ಆಟೋ ಬಂದು ನಿಂತಿತು.

ಅಳಿಯ ಬನೀನಿನಲ್ಲಿ, ಲೋಟ ತಬ್ಬಿಕೊಂಡು, ಟೇಬಲ್ಲು ಸುತ್ತುತ್ತಿದ್ದಾನೆ. ನೆಲದಲ್ಲಿ ಅವನ ನೀಲಿ ಅಂಗಿ ಹೊದ್ದ ಒಂದು ದೇಹ ಬಿದ್ದಿದೆ. ಇಂಥ ದೃಶ್ಯಕ್ಕೆ ಯಾವ ಮಾವನೂ ತಯಾರಾಗಿ ಬಂದಿರುವುದಿಲ್ಲ. ಚಿಕ್ಕಬಸಪ್ಪನವರು ಬಾಯಿ ತೆರೆದು ನಿಂತರು. ದೊಡ್ಡಸಿದ್ದಯ್ಯ ಲಾಠಿ ಎತ್ತಿ, "ಯಾರೂ ಅಳ್ಳಾಡಂಗಿಲ್ಲ! ಬಿಡ್ರಲಾ ಅವರ್ನ!" ಎಂದು ನುಗ್ಗಿ ಕಿರಣನ ಕಾಲರು ಹಿಡಿದರು. "ಏನ್ಲಾ, ಬಚ್ಚಲಲ್ಲಿ ಕೂಡಾಕ್ತೀಯಾ?"

"ನಾವೆಲ್ಲಿ ಕೂಡಾಕಿದ್ವಿ ಸಾ? ಅವ್ರೇ ಹೋಗ್ತಾರೆ, ಏಳು ಸಲ ಹೋಗವ್ರೆ!"

ಈ ಗಲಾಟೆಯ ನಡುವೆ ಮಾಣಿ ಚಿಕ್ಕಬಸಪ್ಪನವರನ್ನು ಕಂಡವನೇ, ಮುಖವರಳಿಸಿ, ಒಂದು ಬಟ್ಟಲು ಕಡಲೆಬೀಜ ತಂದು ಅವರ ಕೈಗಿತ್ತ. "ಉಪ್ಪು ಕಮ್ಮಿ ಹಾಕ್ಸಿದ್ದೀನಿ ಯಜಮಾನ್ರೇ. ಮೂಲೆ ಟೇಬಲ್ಲು ಖಾಲಿ ಐತೆ."

ಲಾಠಿ ಅರ್ಧಕ್ಕೇ ನಿಂತಿತು. ಬಿಂದುಶ್ರೀ ಅಪ್ಪನನ್ನು ನೋಡಿದಳು. ಚಿಕ್ಕಬಸಪ್ಪನವರು ಬಟ್ಟಲನ್ನು ನೋಡಿದರು, ಅದು ಮಾತಾಡಿದ ಹಾಗೆ.

ಬೇರೆ ದಿನವಾಗಿದ್ದರೆ ಆ ಬಟ್ಟಲೊಂದೇ ಎರಡು ತಲೆಮಾರಿನ ಜಗಳಕ್ಕೆ ಸಾಕಾಗುತ್ತಿತ್ತು. ಆದರೆ ಗಂಗಾಧರಸ್ವಾಮಿಗೆ ಅದು ಕಾಣಲೇ ಇಲ್ಲ. ಅವನಿಗೆ ಕಂಡದ್ದು ಕುಡಿಯದ ಡ್ರೈವರಿದ್ದ ಒಂದು ಗಾಡಿ.

"ಮಾವ! ಆ ಕಡ್ಲೇಬೀಜ ಬಿಸಾಕಿ, ಕಾಲು ಹಿಡೀರಿ! ದೊಡ್ಡಸಿದ್ದಯ್ಯ, ಅವನ ಕಾಲರ್ ಬಿಟ್ಟು ಸೊಂಟ ಹಿಡೀರಿ! ಬಿಂದು, ಆಂಬ್ಯುಲೆನ್ಸಿನವರಿಗೆ ಫೋನ್ ಮಾಡಿ ಹೇಳು, ಗಾಡಿ ಸಿಕ್ತು, ನಾವೇ ಕರ್ಕೊಂಡು ಬರ್ತಾ ಇದ್ದೀವಿ ಅಂತ!"

ಇಪ್ಪತ್ತು ವರ್ಷದಲ್ಲಿ ಮಾವನೆದುರು ಕುರ್ಚಿಯ ಮೇಲೆ ಪೂರ್ತಿ ಕೂರದ ಅಳಿಯ. ಚಿಕ್ಕಬಸಪ್ಪನವರು ಬಟ್ಟಲು ಬಿಸಾಕಿ ಕಾಲು ಹಿಡಿದರು. ಗಾಡಿಯ ಹಿಂಬದಿಯಲ್ಲಿ ಬಾಳೆಯ ಒಣಗರಿ ಹರಡಿತ್ತು, ಅದರ ಮೇಲೆ ಹುಡುಗನನ್ನು ಮಗ್ಗುಲಾಗಿ ಮಲಗಿಸಿ ಎಲ್ಲರೂ ಹತ್ತಿಕೊಂಡರು. ಗಂಗಾಧರಸ್ವಾಮಿ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಪ್ರತಿ ಉಸಿರಿಗೂ ಗಟ್ಟಿಯಾಗಿ ಎಣಿಸುತ್ತಾ ಬಂದ. ಮೋರಿ ಕಟ್ಟೆ ದಾಟುವಾಗ ಮದನನಿಗೆ ವಾಂತಿಯಾಯಿತು. ಬಂದದ್ದೆಲ್ಲ ಬಾಯಿಂದ ಹೊರಕ್ಕೆ, ಸೀದಾ ಚಿಕ್ಕಬಸಪ್ಪನವರ ಬಿಳಿ ಶಲ್ಯದ ಮೇಲೆ ಹೋಯಿತು. ಅವರು ಉಸಿರೆತ್ತಲಿಲ್ಲ. ಉಸಿರೆತ್ತುವ ನೈತಿಕ ಸ್ಥಿತಿಯಲ್ಲಿ ಅವರು ಇರಲೂ ಇಲ್ಲ.

ನರಸೀಪುರದ ಆಸ್ಪತ್ರೆಯಲ್ಲಿ ಹುಡುಗನನ್ನು ಒಳಗೆ ಕರೆದೊಯ್ದು, ಡ್ರಿಪ್ಪು ಹಾಕಿ, ಆಕ್ಸಿಜನ್ ಇಟ್ಟು, ಡಾಕ್ಟರಮ್ಮ ಹೊರಗೆ ಬಂದರು. ಚಿಕ್ಕ ವಯಸ್ಸಿನವರು, ಕನ್ನಡಕದ ಮೇಲಿನಿಂದ ಎಲ್ಲರನ್ನೂ ಒಂದು ಸುತ್ತು ನೋಡಿದರು.

"ಎಷ್ಟು ಕುಡಿದ, ಎಷ್ಟು ಹೊತ್ತಲ್ಲಿ, ಏನು ತಿಂದಿದ್ದ, ನನಗೆ ಸರಿಯಾಗಿ ಹೇಳೋರು ಬೇಕು. ನಿಮ್ಮಲ್ಲಿ ಕುಡಿಯದೆ ಇರೋರು ಯಾರು?"

"ನಾನು," ಎಂದ ಗಂಗಾಧರಸ್ವಾಮಿ.

ಶಿವರಾಜುವಿಗೆ ಆ ಸ್ಥಿತಿಯಲ್ಲೂ ನಗು ತಡೆಯಲಾಗಲಿಲ್ಲ. "ಮೇಡಂ, ಅವ್ರು ನಮ್ಮೆಲ್ಲರ ಗುರುಗಳು. ಇಡೀ ಸಾಯಂಕಾಲ ಲೋಟ ಕೆಳಗಿಟ್ಟಿಲ್ಲ."

"ಸುಳ್ಳು ಹೇಳಬೇಡಿ ಅಳಿಯಂದಿರೇ," ಎಂದರು ಚಿಕ್ಕಬಸಪ್ಪನವರು, ಶಲ್ಯವನ್ನು ಮೈಯಿಂದ ದೂರ ಹಿಡಿದು. "ಬನೀನಲ್ಲಿ ಕುಣೀತಿದ್ದದ್ದು ಈ ಕಣ್ಣಾರೆ ನೋಡಿದೀನಿ."

ಡಾಕ್ಟರಮ್ಮ ನೆಲದ ಹಾಸುಗಲ್ಲಿನ ಗೆರೆ ತೋರಿಸಿ, ಅದರ ಮೇಲೆ ನಡೆಯಿರಿ ಎಂದರು. ಮೂರು ಮುದ್ದೆ, ಹದಿನಾಲ್ಕು ಗ್ಲಾಸು ನೀರು, ಜೊತೆಗೆ ಮಾವನ ದೃಷ್ಟಿ. ಎರಡನೆಯ ಹೆಜ್ಜೆಗೇ ಗಂಗಾಧರಸ್ವಾಮಿ ಗೋಡೆ ಹಿಡಿದ. ಬಿಂದುಶ್ರೀ ಮುಖ ಮುಚ್ಚಿಕೊಂಡಳು.

"ಆ ಲೋಟ ಕೊಡಿ ಇಲ್ಲಿ," ಎಂದರು ಡಾಕ್ಟರಮ್ಮ.

ಮುಚ್ಚಳ ತೆರೆದರು. ಲೋಟದಲ್ಲಿ ಪೆಗ್ಗು ಸುರಿದಷ್ಟೂ ಹಾಗೇ ಇತ್ತು. ತಳದಲ್ಲಿ ಕಾರಿನ ಕೀ. ಶಿವರಾಜು ಇಣುಕಿ ನೋಡಿದ. ಕಿರಣ್ ನೋಡಿದ. ದೊಡ್ಡಸಿದ್ದಯ್ಯ ಮೂಸಿ ನೋಡಿ, ಡೈರಿಗೆ ಬರೆದುಕೊಂಡರು.

"ಹಂಗಾದ್ರೆ ಏಳು ಸಲ ಎದ್ದು ಹೋದ್ರಲ್ಲ?" ಎಂದ ಶಿವರಾಜು.

"ನೀರು ಕಣೋ."

"ಮೈಸೂರಲ್ಲಿ ಓದುವಾಗ?"

"ಅಲ್ಲೂ ನೀರೇ."

ಚಿಕ್ಕಬಸಪ್ಪನವರು ಲೋಟವನ್ನು ಬೆಳಕಿಗೆ ಹಿಡಿದು ಹೊರಗಡೆ ಕೊರೆದಿದ್ದ ಅಕ್ಷರ ಓದಿದರು. ತಮ್ಮದೇ ಅರವತ್ತರ ಶಾಂತಿಯಲ್ಲಿ ನೆಂಟರಿಗೆ ಹಂಚಿದ ಲೋಟ. 'ಶ್ರೀ ಚಿಕ್ಕಬಸಪ್ಪನವರ ಆಶೀರ್ವಾದಗಳೊಂದಿಗೆ.' ಅವರು ಅದನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು, ಅಕ್ಷರದ ಭಾಗವನ್ನು ಗೋಡೆ ಕಡೆಗೆ ತಿರುಗಿಸಿದರು.

ಗಂಗಾಧರಸ್ವಾಮಿ ಎಲ್ಲವನ್ನೂ ಹೇಳಿದ: ಎಷ್ಟು ಗಂಟೆಗೆ ಮೊದಲನೆಯದು, ಎಷ್ಟಕ್ಕೆ ನಾಲ್ಕನೆಯದು, ತಟ್ಟೆ ಮುಟ್ಟದೆ ಇದ್ದದ್ದು, ಉಸಿರಿನ ನಡುವೆ ಎಂಟು ಎಣಿಸಿದ್ದು. ಡಾಕ್ಟರಮ್ಮ ಬರೆದುಕೊಂಡರು. "ಸಕ್ಕರೆ ಅಂಶ ತುಂಬಾ ಇಳಿದಿತ್ತು. ಅಂಗಾತ ಮಲಗಿದ್ದು ವಾಂತಿಯಾಗಿದ್ರೆ ಶ್ವಾಸಕೋಶಕ್ಕೆ ಹೋಗ್ತಿತ್ತು. ಮಗ್ಗುಲಿಗೆ ತಿರುಗಿಸಿದ್ದು ಯಾರು?"

ಎಲ್ಲರೂ ಬನೀನಿನ ಕಡೆ ನೋಡಿದರು.

"ಪರವಾಗಿಲ್ಲ," ಎಂದರು ಅವರು. "ಬೆಳಗ್ಗೆವರೆಗೂ ನೋಡೋಣ."

ಗಂಗಾಧರಸ್ವಾಮಿ ಆ ಬೆಂಚಿನಿಂದ ಏಳಲಿಲ್ಲ. ಬಿಂದುಶ್ರೀ ಪಕ್ಕದಲ್ಲಿ ಕೂತಳು. ಮೊದಲು ಬೈದಳು, ಬೈದು ಮುಗಿದ ಮೇಲೆ ತನ್ನ ಸೆರಗನ್ನು ಅವನ ಬನೀನಿನ ಭುಜಕ್ಕೆ ಎಳೆದಳು. ಕಿರಣ್ ಎದುರು ಗೋಡೆಗೆ ಒರಗಿ ಅಮಲಿಳಿಯುತ್ತಾ ಅಳುತ್ತಿದ್ದ. ನಾಲ್ಕೂವರೆಗೆ ನರ್ಸು ಬಂದು, ಹುಡುಗ ಕಣ್ಣು ಬಿಟ್ಟು ನೀರು ಕೇಳಿದ ಎಂದಳು. ಗಂಗಾಧರಸ್ವಾಮಿ ಎದ್ದು, ಗೋಡೆ ಕಡೆಗೆ ತಿರುಗಿ, ಬಹಳ ಹೊತ್ತು ತನ್ನ ಕನ್ನಡಕ ತೆಗೆದು ಒರೆಸಿದ.

ಬೆಳಗ್ಗೆ ಮೊದಲ ಬಸ್ಸಿಗೆ ಮದನನ ತಾಯಿ ಸಣ್ಣತಾಯಮ್ಮ ಬಂದಳು. ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲುವ ಹೆಂಗಸು. ಕೈಯಲ್ಲೊಂದು ಬಟ್ಟೆ ಚೀಲ, ಕಾಲಲ್ಲಿ ಜೋಡಿಯಲ್ಲದ ಎರಡು ಚಪ್ಪಲಿ. ಮಗನನ್ನು ಬಾಗಿಲಿನಿಂದಲೇ ನೋಡಿ, ಬದುಕಿದ್ದಾನೆ ಎಂದು ಖಾತ್ರಿ ಮಾಡಿಕೊಂಡು, ಹೊರಗೆ ಬಂದಳು.

"ಯಾವನು ನನ್ ಮಗನಿಗೆ ಕುಡಿಸ್ದೋನು?"

ಶಿವರಾಜು ನೆಲ ನೋಡಿದ. ಕಿರಣನ ಮುಖ ಸುಣ್ಣವಾಯಿತು. ಗಂಗಾಧರಸ್ವಾಮಿ ಎದ್ದು ನಿಂತ.

"ಟೇಬಲಲ್ಲಿ ದೊಡ್ಡೋನು ನಾನಮ್ಮ. ಹುಡುಗ ನನ್ನ ಮುಖ ನೋಡಿದ. ಏನೂ ಆಗಲ್ಲ ಅಂದೆ."

ಸಣ್ಣತಾಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬನೀನು, ಕೆದರಿದ ತಲೆ, ನಿದ್ದೆಗೆಟ್ಟ ಕೆಂಪು ಕಣ್ಣು. ನೋಡಿದವರಿಗೆ ಸಾಕ್ಷಿ ಬೇಕಿರಲಿಲ್ಲ.

"ಥೂ ನಿನ್ನ! ತಲೆ ಬೆಳ್ಳಗಾಗೈತೆ, ಬುದ್ಧಿ ಎಲ್ಲಿ ಅಡ ಇಟ್ಟಿದ್ದೀಯೋ? ಅದು ಉಣ್ದೆ ಗೇಯಾಕೆ ಓಗೋ ಕೂಸು. ಅದಕ್ಕೆ ಇಸ ಉಯ್ದು ಕೂತ್ಕೊಂಡು ನೋಡ್ತಿದ್ದಾ? ನಿನ್ ಎಂಡ್ತಿ ಮಕ್ಕಳು ಏನು ಪಾಪ ಮಾಡಿದ್ರು ಇಂಥಾ ಕುಡುಕನ್ನ ಕಟ್ಕೊಳಾಕೆ?"

ಚಿಕ್ಕಬಸಪ್ಪನವರು ಮುಂದೆ ಬಂದು, "ಹಾಗಲ್ಲ ತಾಯಿ, ನಮ್ಮ ಅಳಿಯ ಒಂದು ತೊಟ್ಟೂ..." ಎಂದರು. ಗಂಗಾಧರಸ್ವಾಮಿ ಕೈ ಅಡ್ಡ ಹಿಡಿದ. ಚಿಕ್ಕಬಸಪ್ಪನವರು ಹಿಂದೆ ಸರಿದರು.

ಅವಳು ಮನಸಾರೆ ಬೈದಳು. ಕಾರಿಡಾರಿನಲ್ಲಿದ್ದ ರೋಗಿಗಳೆಲ್ಲ ಎದ್ದು ಕೂತು ಕೇಳಿದರು. ಉಸಿರು ಸಾಲದಾದಾಗ ನಿಂತು, ಕಣ್ಣೊರೆಸಿಕೊಂಡು, ಮಗನ ಹತ್ತಿರ ಹೋಗಲು ತಿರುಗಿದಳು. ಒಂದು ಹೆಜ್ಜೆ ಇಟ್ಟವಳು ನಿಂತು, ಕೈಯಲ್ಲಿದ್ದ ಚೀಲ ನೋಡಿ, ಸುತ್ತಲೂ ನೋಡಿ, ವಾಪಸು ಬಂದು ಅದನ್ನು ಗಂಗಾಧರಸ್ವಾಮಿಯ ಎದೆಗೆ ಒತ್ತಿದಳು.

"ಇದ ಇಡ್ಕೊ. ಒಳಗೆ ನನ್ ಓಲೆ ಐತೆ, ಬಿಲ್ಲಿಗೆ ಅಂತ ತಂದಿವ್ನಿ. ಕುಡುಕನಾದ್ರೂ ನಿನ್ ಮೊಕದಾಗೆ ಕಳ್ಳತನ ಕಾಣಲ್ಲ."

ಅವಳು ಒಳಗೆ ಹೋದಳು. ಕಿರಣ್ ಬಿಲ್ಲು ಕಟ್ಟಲು ಕೌಂಟರಿನ ಕಡೆ ಓಡಿದ. ಗಂಗಾಧರಸ್ವಾಮಿ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಅವಳು ಹೊರಗೆ ಬರುವವರೆಗೂ ಬಾಗಿಲ ಬಳಿ ನೆಟ್ಟಗೆ ನಿಂತಿದ್ದ. ಪಕ್ಕದಲ್ಲೇ ಬೆಂಚು ಖಾಲಿಯಿತ್ತು.